ಮೊಮ್ಮಗಳ ನಡುವಿನ ಹೆಸರು

ಪ್ರತಿಯೊಬ್ಬ ಮನುಷ್ಯನಿಗೂ ಒಂದು ವಿಷಯವಿರುತ್ತದೆ. ಆ ವಿಷಯ ಎತ್ತಿದನೆಂದರೆ ಮನೆಯವರು ಒಬ್ಬೊಬ್ಬರಾಗಿ ಎದ್ದು ಒಳಗೆ ಹೋಗುತ್ತಾರೆ. ನಮ್ಮ ಬೀದಿಯ ನಿವೃತ್ತ ಅಂಚೆ ಮಾಸ್ತರರಿಗೆ ಅವರ ಸಕ್ಕರೆ ಕಾಯಿಲೆಯೇ ಆ ವಿಷಯ. ಎದುರು ಮನೆಯವರಿಗೆ ಬೋರ್‌ವೆಲ್. ನನ್ನದು ಮಧ್ಯನಾಮ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಾನು ಹೇಳಹೊರಟಿರುವ ತಾಪತ್ರಯಕ್ಕೆಲ್ಲ ಮೂಲ ಈ ಹುಚ್ಚೇ. ಮಧ್ಯನಾಮ ಎಂದರೆ ಯುರೋಪಿನವರ ಹೆಸರುಗಳಲ್ಲಿ ಕರೆಯುವ ಹೆಸರಿಗೂ ಮನೆತನದ ಹೆಸರಿಗೂ ನಡುವೆ ಸದ್ದಿಲ್ಲದೆ ಕುಳಿತಿರುತ್ತದಲ್ಲ, ಅದು. ಅದನ್ನು ಯಾರೂ ಬೀದಿಯಲ್ಲಿ ನಿಂತು ಕೂಗುವುದಿಲ್ಲ. ಊಟಕ್ಕೆ ಬಾ ಎಂದು ಹೆತ್ತ ತಾಯಿಯೂ ಆ ಹೆಸರು ಹಿಡಿದು ಕರೆಯುವುದಿಲ್ಲ. ಸಹಿ ಹಾಕುವಾಗ ಅದರ ಪಾಲಿಗೆ ಒಂದಕ್ಷರ, ಪಕ್ಕದಲ್ಲೊಂದು ಚುಕ್ಕೆ, ಅಷ್ಟೇ. ಇಷ್ಟು ಕೆಲಸಕ್ಕೆ ಬಾರದಂತೆ ಕಾಣುವ ಒಂದು ವಸ್ತುವನ್ನು ಜನ ಶತಮಾನಗಳಿಂದ ಜೋಪಾನ ಮಾಡಿಕೊಂಡು ಬಂದಿದ್ದಾರೆ ಎಂದರೆ ಅದರಲ್ಲಿ ಏನೋ ಹೆಚ್ಚುಗಾರಿಕೆ ಇರಲೇಬೇಕು ಎಂದು ನನಗೆ ಚಿಕ್ಕ ವಯಸ್ಸಿನಲ್ಲೇ ಅನ್ನಿಸಿಬಿಟ್ಟಿತು.

ನಾನು ಹೊಳೆನರಸೀಪುರದ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟರಾಗಿದ್ದವನು; ನಿವೃತ್ತನಾದ ಮೇಲೆ ಹಾಸನದಲ್ಲಿ ಮನೆ ಮಾಡಿದ್ದೇನೆ. ಆಧುನಿಕ ಯುಗದ ಹೊಸ್ತಿಲಲ್ಲಿದ್ದ ಯುರೋಪನ್ನು ಪಾಠ ಮಾಡಬೇಕಾಗಿತ್ತು. ಉಳಿದ ಮೇಷ್ಟರುಗಳೆಲ್ಲ ಆ ಕಾಲದ ಹಡಗು, ಮದ್ದುಗುಂಡು, ಅಚ್ಚಿನ ಮೊಳೆ ಇವುಗಳನ್ನು ನೋಡಿ ಬೆರಗಾಗುತ್ತಿದ್ದರೆ ನಾನು ಅವರ ನಾಮಕರಣ ನೋಡಿ ಬೆರಗಾಗುತ್ತಿದ್ದೆ. ಅದಕ್ಕೂ ಮುಂಚೆ ಅಲ್ಲಿ ಬಹಳ ಕಾಲ ಒಬ್ಬ ಮನುಷ್ಯನಿಗೆ ಇಟ್ಟ ಹೆಸರು ಒಂದೇ. ಆಮೇಲೆ ಇಟಲಿ, ಸ್ಪೇನ್, ಫ್ರಾನ್ಸ್ ಕಡೆಯ ದೊಡ್ಡ ಮನೆತನದವರು ಮಕ್ಕಳಿಗೆ ಎರಡೆರಡು ಮೂರು ಮೂರು ಹೆಸರಿಡಲು ಶುರು ಮಾಡಿದರು. ಒಬ್ಬ ಸಂತನ ಹೆಸರಿಟ್ಟರೆ ಇನ್ನೊಬ್ಬ ಸಂತನಿಗೆ ಬೇಸರವಾದೀತು. ಕೂಸನ್ನು ಚರ್ಚಿನಲ್ಲಿ ದೀಕ್ಷಾಸ್ನಾನದ ದಿನ ಎತ್ತಿಕೊಂಡ ಸಾಹುಕಾರ ಬಂಧುವಿನ ಹೆಸರು ಬಿಟ್ಟುಹೋದರೆ ಆತ ಉಯಿಲು ಬರೆಯುವಾಗ ಅದನ್ನು ನೆನಪಿಟ್ಟುಕೊಂಡಾನು. ಆದ್ದರಿಂದ ಎಲ್ಲರಿಗೂ ಒಂದೊಂದು ಜಾಗ. ಇಂಗ್ಲೆಂಡಿನವರು ಮಾತ್ರ ಬಿಗಿಯಾಗಿ ಕುಳಿತಿದ್ದರು. ದೀಕ್ಷೆಯ ಹೆಸರು ಒಂದೇ ಇರತಕ್ಕದ್ದು ಎಂದು ವಾದಿಸುವ ಕಾನೂನು ಪಂಡಿತರೂ ಅಲ್ಲಿದ್ದರು. ಆದರೆ ಊರಿಗೆ ಊರೇ ಜಾನ್, ವಿಲಿಯಂ, ಮೇರಿಗಳಿಂದ ತುಂಬಿಹೋದರೆ ಎಷ್ಟು ದಿನ ಬಿಗಿಯಾಗಿರಲು ಸಾಧ್ಯ? ಹದಿನೇಳು, ಹದಿನೆಂಟನೇ ಶತಮಾನಗಳಲ್ಲಿ ಅಲ್ಲಿಗೂ ಎರಡನೆಯ ಹೆಸರು ಮೆಲ್ಲಗೆ ಬಂತು. ಬಂದ ಬಗೆ ನೋಡಿ, ನನಗೆ ಅದೇ ಬಹಳ ಇಷ್ಟ. ಎಷ್ಟೋ ಮನೆಗಳಲ್ಲಿ ಅದು ತಾಯಿಯ ತವರಿನ ಹೆಸರಾಗಿ ಬಂತು. ಮದುವೆಯ ದಿನ ಹೆಂಗಸು ಬಾಗಿಲಲ್ಲಿ ಬಿಟ್ಟು ಬಂದ ಹೆಸರು, ಅವಳ ಮಗುವಿನ ಹೆಸರಿನ ನಡುವೆ ಮತ್ತೆ ಬಂದು ಕುಳಿತುಕೊಂಡಿತು.

ಈ ಭಾಗಕ್ಕೆ ಬಂದಾಗ ನಾನು ಗಡಿಯಾರ ನೋಡುವುದನ್ನೇ ಮರೆಯುತ್ತಿದ್ದೆ. ಹುಡುಗರು ಅದನ್ನು ಬೇಗ ಕಂಡುಹಿಡಿದರು. ಕಿರುಪರೀಕ್ಷೆ ಇಟ್ಟ ದಿನ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಕೈಕಟ್ಟಿ, "ಸಾ, ಆ ನಡುವಿನ ಎಸ್ರಿನ ಇಚಾರ ಒಂಚೂರು ಕ್ಲಿಯರ್ ಆಗ್ಲಿಲ್ಲ ಸಾ" ಎನ್ನುತ್ತಿದ್ದ. ನಾನು ಸೀಮೆಸುಣ್ಣ ಎತ್ತಿಕೊಳ್ಳುತ್ತಿದ್ದೆ. ಗಂಟೆ ಹೊಡೆಯುತ್ತಿತ್ತು. ಪರೀಕ್ಷೆ ಮುಂದಿನ ವಾರಕ್ಕೆ ಹೋಗುತ್ತಿತ್ತು. ಇವತ್ತಿಗೂ ಹಾಸನದ ಬಸ್ ನಿಲ್ದಾಣದಲ್ಲಿ ನನ್ನ ಹಳೆಯ ಶಿಷ್ಯರು ಸಿಕ್ಕರೆ, ಫ್ರೆಂಚ್ ಕ್ರಾಂತಿ ಯಾವಾಗ ನಡೆಯಿತೆಂಬುದು ಅವರಿಗೆ ಗೊತ್ತಿರುವುದಿಲ್ಲ, ಮಧ್ಯನಾಮದ ಮೇಲೆ ಮಾತ್ರ ಅಧಿಕಾರವಾಣಿಯಿಂದ ಮಾತಾಡುತ್ತಾರೆ.

ಈ ಹುಚ್ಚು ನನಗೆ ಹತ್ತಲು ಇನ್ನೊಂದು ಕಾರಣವೂ ಇತ್ತು. ನಾನು ಹುಟ್ಟಿದ್ದು ಹೊಳೆನರಸೀಪುರದ ದೇವಸ್ಥಾನದ ಹಿಂದಿನ ಬೀದಿಯಲ್ಲಿ. ಅಲ್ಲಿ ಗಂಡು ಮಗು ಹುಟ್ಟಿದರೆ ಹೆಸರಿನ ಬಗ್ಗೆ ಚರ್ಚೆಯೇ ಇರುತ್ತಿರಲಿಲ್ಲ. ನರಸಿಂಹ. ಹಿಂದೆ ಮೂರ್ತಿಯೋ, ಸ್ವಾಮಿಯೋ, ಅಯ್ಯಂಗಾರೋ, ರಾಯರೋ ಸೇರಿಕೊಳ್ಳುತ್ತಿತ್ತು, ಅಷ್ಟೇ ವ್ಯತ್ಯಾಸ. ನನ್ನದು ಮೂರ್ತಿ. ನನ್ನ ಹೆಂಡತಿ ಶಾರದೆಯ ತವರು ಅರಕಲಗೂಡು. ನಮ್ಮ ಮದುವೆಯ ದಿನ ಅವರ ಕಡೆಯ ಯಾರೋ ಹಿರಿಯರು ಚಪ್ಪರದ ಕೆಳಗೆ ನಿಂತು ಬಾಯಿತುಂಬ "ನರಸಿಂಹಾ" ಎಂದು ಕೂಗಿದರು. ನಮ್ಮ ಕಡೆಯ ಗಂಡಸರಲ್ಲಿ ಅರ್ಧದಷ್ಟು ಮಂದಿ ಎಲೆಯ ಮುಂದಿನಿಂದ ತಲೆಯೆತ್ತಿ ನೋಡಿದರು. ಆ ಅರಕಲಗೂಡಿನ ಹಿರಿಯರು ಹೆದರಿ ಮತ್ತೆ ಬಾಯಿ ಬಿಡಲಿಲ್ಲ. ಹೀಗೆ ಒಂದೇ ಹೆಸರಿನ ಗದ್ದಲದಲ್ಲಿ ಬೆಳೆದವನಿಗೆ ನಡುವೆ ಇನ್ನೊಂದು ಹೆಸರಿಡುವ ಉಪಾಯ ಹೊಳೆದವನ ಕಾಲಿಗೆ ಬೀಳಬೇಕೆನಿಸಿದರೆ ಆಶ್ಚರ್ಯವೇನು?

ಈಗ ತಾಪತ್ರಯಕ್ಕೆ ಬರುತ್ತೇನೆ. ನಮಗೆ ಒಬ್ಬಳೇ ಮಗಳು, ವಿಭಾ. ಹಾಸನದ ಶಾಲೆಯೊಂದರಲ್ಲಿ ಟೀಚರು. ಗೊರೂರಿನ ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡುವ ಲೋಹಿತ್ ಎಂಬ ಹುಡುಗನನ್ನು ತಾನೇ ನೋಡಿ ಮೆಚ್ಚಿ ಮದುವೆಯಾದಳು. ಅವನು ಚನ್ನರಾಯಪಟ್ಟಣದ ಒಕ್ಕಲು ಮನೆತನದ ಹುಡುಗ. ಎರಡು ಮನೆಯ ಅಡುಗೆ ಬೇರೆ, ಪೂಜೆ ಬೇರೆ, ಮಾತಿನ ಧಾಟಿ ಬೇರೆ. ಮದುವೆಯ ಹೊತ್ತಿಗೆ ಎರಡೂ ಕಡೆ ಸ್ವಲ್ಪ ಮುಖ ಗಂಟಿಕ್ಕಿದ್ದು, ಆಮೇಲೆ ಸಡಿಲವಾಗಿದ್ದು ಎಲ್ಲ ನಡೆಯಿತು. ಸಡಿಲವಾಯಿತು ಎಂದರೆ ಪೂರ್ತಿ ಆಗಲಿಲ್ಲ. ಹಬ್ಬಕ್ಕೆ ಫೋನಿನಲ್ಲಿ ಶುಭಾಶಯ, ಸಿಕ್ಕಾಗ ನಗು, ಕಾಫಿ, ಅಲ್ಲಿಗೆ ನಿಂತಿತ್ತು. ಅಷ್ಟರಲ್ಲಿ ಮೊಮ್ಮಗಳು ಹುಟ್ಟಿದಳು. ವಿಭಾ ಬಾಣಂತನಕ್ಕೆ ನಮ್ಮ ಮನೆಯಲ್ಲಿದ್ದಳು. ಲೋಹಿತ್ ದಿನಾ ಸಂಜೆ ಕೆಲಸ ಮುಗಿಸಿ ಗೊರೂರಿನಿಂದ ಬೈಕಿನಲ್ಲಿ ಬಂದು, ಕೈಕಾಲು ತೊಳೆದು, ಮಗುವಿನ ತೊಟ್ಟಿಲ ಪಕ್ಕ ಕೂತುಬಿಡುತ್ತಿದ್ದ. ಮಗು ನಿದ್ದೆ ಮಾಡುತ್ತಿದ್ದರೂ ಅವನು ಅಲ್ಲೇ. ಅಣೆಕಟ್ಟೆಯ ನೀರಿನ ಮಟ್ಟ ನೋಡುವವನ ಹಾಗೆ ಅದರ ಮುಖವನ್ನೇ ನೋಡುತ್ತಿದ್ದ.

ಮಗುವಿಗೆ ಇಳಾ ಎಂದು ಹೆಸರಿಡುವುದೆಂದು ವಿಭಾ ಮೊದಲೇ ತೀರ್ಮಾನಿಸಿದ್ದಳು. ಯಾರಿಗೂ ತಕರಾರಿರಲಿಲ್ಲ. ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ಒಂದು ಸಂಜೆ ನಾನು ಕಾಫಿ ಲೋಟ ಕೆಳಗಿಟ್ಟು, "ಇಳಾ ಸರಿ. ಆದ್ರೆ ನಡುವೆ ಒಂದು ಹೆಸರಿದ್ರೆ ಎಷ್ಟು ಚೆನ್ನಾಗಿರುತ್ತೆ ಗೊತ್ತಾ?" ಎಂದೆ. ವಿಭಾ ಮಗುವನ್ನೆತ್ತಿಕೊಂಡು ಒಳಗೆ ಹೋದಳು. ಶಾರದೆ ಹಾಲು ಉಕ್ಕಿತೆಂದು ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಹಾಲಿರಲಿಲ್ಲ. ಲೋಹಿತ್ ಮಾತ್ರ ಕೂತಿದ್ದ. ಅಳಿಯನಾದವನು ಎದ್ದು ಹೋಗುವಂತಿಲ್ಲವಲ್ಲ. ನಾನು ಇಟಲಿಯಿಂದ ಶುರು ಮಾಡಿ ಇಂಗ್ಲೆಂಡಿಗೆ ಬಂದು, ಅಲ್ಲಿಂದ ಹಡಗು ಹತ್ತಿ ಅಮೆರಿಕದ ವಸಾಹತುಗಳಿಗೂ ಹೋಗಿ, ಪ್ರೀತಿಪಾತ್ರರಾದ ಹಿರಿಯರ ಹೆಸರು ಕಳೆದುಹೋಗದಂತೆ ಇಡುವುದಕ್ಕೆ ಮನುಷ್ಯಕುಲ ಕಂಡುಕೊಂಡ ಅತಿ ಸುಂದರವಾದ ಜಾಗ ಇದೇ ಎಂದು ಮುಗಿಸಿದೆ. ನನ್ನ ಸರ್ವೀಸಿನಲ್ಲೇ ಅಷ್ಟು ಚೆನ್ನಾಗಿ ಆ ಪಾಠ ಮಾಡಿರಲಿಲ್ಲ.

ಲೋಹಿತನ ಕಣ್ಣು ಅರಳಿತ್ತು. "ಮಾವ, ಹಂಗಾದ್ರೆ ನಮ್ಮಜ್ಜಿ ಹೆಸರಿಡೋಣ. ಇಳಾ ಕೆಂಪಮ್ಮ" ಎಂದ.

ಒಳಗಿನಿಂದ ಶಾರದೆ ಬಂದೇಬಿಟ್ಟಳು. ಇಷ್ಟು ಹೊತ್ತೂ ಕಿವಿ ಇಲ್ಲೇ ಇತ್ತೆಂದು ಆಗ ತಿಳಿಯಿತು. "ಕೆಂಪಮ್ಮ ಅಂತಾನಾ? ಈಗಿನ ಕಾಲದ ಮಗೂಗೆ? ಸ್ಕೂಲಲ್ಲಿ ಮಕ್ಕಳು ಗೋಳು ಹೊಯ್ಕೊಳ್ಳಲ್ವೇ? ಹೆಸರು ಇಡಲೇಬೇಕು ಅಂದ್ರೆ ನಮ್ಮಮ್ಮನ ಹೆಸರಿದೆ, ಪಾರ್ವತಿ ಅಂತ. ದೇವರ ಹೆಸರೂ ಆಗತ್ತೆ, ಕೇಳೋಕೂ ಲಕ್ಷಣವಾಗಿದೆ" ಎಂದಳು.

"ಕೆಂಪಮ್ಮಾನೂ ದೇವರ ಹೆಸರೇ ಅತ್ತೆ. ನಮ್ಮೂರ ಅಮ್ಮನ ಹೆಸರು" ಎಂದ ಲೋಹಿತ್.

"ಇರಬಹುದಪ್ಪ. ಆದ್ರೆ ಒಂಥರಾ ಇರತ್ತೆ."

ಶಾರದೆ ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೆ "ಒಂಥರಾ" ಎಂಬ ಮಾತು ಬಹಳ ಅಪಾಯದ್ದು. ಅದರೊಳಗೆ ಏನು ಬೇಕಾದರೂ ಇರಬಹುದು. ಕೇಳಿದವನು ತನಗೆ ನೋವಾಗುವುದನ್ನೇ ಆರಿಸಿಕೊಳ್ಳುತ್ತಾನೆ. ಲೋಹಿತ್ ತಣ್ಣಗೆ ಎದ್ದು, ಮಗುವಿನ ತಲೆ ಸವರಿ, "ಬರ್ತೀನಿ ಮಾವ" ಎಂದು ಹೊರಟ. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಫೋನ್ ಮಾಡಿದರೆ ಡ್ಯಾಮಿನಲ್ಲಿ ಕೆಲಸ ಜಾಸ್ತಿ ಎಂದ. ಕಡು ಬೇಸಿಗೆ, ನೀರು ತಳ ಕಂಡಿದೆ, ಕೆಲಸವೆಲ್ಲಿಂದ ಬರಬೇಕು? ವಿಭಾ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದಳು. ಬೈಕಿನ ಸದ್ದಾದಾಗಲೆಲ್ಲ ಕತ್ತು ಎತ್ತುತ್ತಿದ್ದಳು. ಮನೆಯಲ್ಲಿ ನಾವು ಮೂವರೂ ಉಪ್ಪು ಹಾಕು, ಫ್ಯಾನ್ ಆರಿಸು, ಇಷ್ಟೇ ಮಾತು. ನನ್ನ ಮಧ್ಯನಾಮದಿಂದ ಯುರೋಪಿನಲ್ಲಿ ಎಷ್ಟು ಮನೆ ಒಂದಾದವೋ ತಿಳಿಯದು, ಹಾಸನದ ಒಂದು ಮನೆಯಂತೂ ಬಿರುಕು ಬಿಟ್ಟಿತ್ತು.

ಕೊನೆಗೆ ವಿಭಾಳೇ ಬಾಯಿ ಬಿಟ್ಟಳು. ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ಶಾರದೆಯ ಎದುರು ಕೂತು ಹೇಳಿದಳು. "ಅಮ್ಮ, ಸಿ.ಕೆ. ಲೋಹಿತ್ ಅಂತಾರಲ್ಲ, ಆ ಕೆ ಏನು ಅಂತ ನಿಂಗೆ ಗೊತ್ತಾ?"

"ಅವರಪ್ಪನ ಹೆಸರಿರಬೇಕು."

"ಅವರಪ್ಪ ಶಿವಣ್ಣ ಅಲ್ವೇನಮ್ಮ? ಕೆ ಅಂದ್ರೆ ಕೆಂಪಮ್ಮ."

ಮದುವೆಯ ಹೊತ್ತಿನ ಮುನಿಸಿನಲ್ಲಿ ನಾವು ಕೇಳದೇ ಹೋಗಿದ್ದ ಕಥೆಯನ್ನು ಆಮೇಲೆ ಅವಳು ಹೇಳಿದಳು. ಲೋಹಿತ್ ಇನ್ನೂ ಎದೆಹಾಲು ಕುಡಿಯುವ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಳು. ತಂದೆ ಮತ್ತೆ ಮದುವೆಯಾಗಿ, ಹೊಸ ಹೆಂಡತಿಯ ಊರಾದ ತುರುವೇಕೆರೆಯ ಕಡೆ ವ್ಯಾಪಾರ ಹಿಡಿದು ಹೋದರು. ಕೂಸನ್ನು ಯಾರು ನೋಡಿಕೊಳ್ಳಬೇಕೆಂದು ಬಂಧುಗಳೆಲ್ಲ ಸೇರಿ ಮಾತಾಡುತ್ತಿದ್ದಾಗ ಅಜ್ಜಿ ಕೆಂಪಮ್ಮ ಮಾತಿಗೆ ಬರಲೇ ಇಲ್ಲವಂತೆ. ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ತೋಟಕ್ಕೆ ಹೊರಟೇಹೋದರಂತೆ. ಮಾತು ಅಲ್ಲಿಗೆ ಮುಗಿಯಿತು. ತೆಂಗಿನ ಮರದ ನೆರಳಿನಲ್ಲಿ ಚಾಪೆ ಹಾಕಿ ಮಲಗಿಸಿ, ಕಾಯಿ ಸುಲಿಸುತ್ತ, ಆಳುಗಳನ್ನು ಗದರಿಸುತ್ತ, ನಡುನಡುವೆ ಓಡಿಬಂದು ರಾಗಿಸರಿ ತಿನ್ನಿಸುತ್ತ ಬೆಳೆಸಿದರು. ಶಾಲೆಗೆ ಸೇರಿಸುವ ದಿನ ಮೇಷ್ಟರು ಇನಿಷಿಯಲ್ ಏನೆಂದು ಕೇಳಿದರು. ಊರಿನದು ಸಿ ಎಂದು ಬರೆದುಕೊಂಡು, ತಂದೆಯ ಹೆಸರಿನದು ಹೇಳಿ ಎಂದರು. ಕೆಂಪಮ್ಮ ಅಂತ ಬರೆಯಿರಿ ಎಂದರಂತೆ ಅಜ್ಜಿ. ಹಾಗೆಲ್ಲ ಬರೆಯುವ ಪದ್ಧತಿಯಿಲ್ಲ ಎಂದಾಗ, "ನಾಳೀಕೆ ಇವ್ನಿಗೆ ಜ್ವರ ಬಂದ್ರೆ ನೀವು ಯಾರ್ನ ಕರೆಸ್ತೀರೋ ಅವ್ರ ಎಸ್ರ ಬರ್ಕಳಿ ಸಾ" ಎಂದರಂತೆ. ಮೇಷ್ಟರು ಬರೆದುಕೊಂಡರು.

ಶಾರದೆ ಮಗುವಿನ ಕಾಲಿಗೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಿ ಕೂತಿದ್ದಳು. ಆ ಕಾಲನ್ನೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು. ನಾನು ಇದು ಇಂಗ್ಲೆಂಡಿನ ಪದ್ಧತಿಗಿಂತ ಒಂದು ಕೈ ಮೇಲಲ್ಲವೇ ಎಂದು ಹೇಳಲು ಬಾಯಿ ತೆರೆದೆ. ಶಾರದೆ ನನ್ನ ಕಡೆ ನೋಡಿದ ನೋಟಕ್ಕೆ ಬಾಯಿ ತಾನಾಗಿ ಮುಚ್ಚಿಕೊಂಡಿತು. ಮಗುವಿಗೆ ನೀರು ಹಾಕಿ ಮಲಗಿಸಿ ಹೊರಗೆ ಬಂದವಳು, "ರೀ, ನಾಳೆ ಬೆಳಿಗ್ಗೆ ಚನ್ನರಾಯಪಟ್ಟಣಕ್ಕೆ ಹೋಗಿ ಬರೋಣ. ಪಕ್ಕದ ಮನೆಯೋರಿಗೆ ಹೇಳಿದೀನಿ, ವಿಭಾ ಜೊತೆ ಇರ್ತಾರೆ" ಎಂದಳು.

"ಹೋಗಿ ಏನು ಮಾತಾಡೋದು?" ಎಂದೆ.

"ನೀವೇನೂ ಮಾತಾಡಬೇಡಿ, ಅಷ್ಟು ಮಾಡಿದ್ರೆ ಸಾಕು" ಎಂದಳು.

ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಶಾರದೆ, ಅವಳ ಮಡಿಲಲ್ಲಿ ಕೋಡುಬಳೆಯ ಡಬ್ಬಿ. ಶಾಂತಿಗ್ರಾಮ ದಾಟಿತು. ಉದಯಪುರ ದಾಟಿತು. ಅವಳು ಹೊರಗೆ ನೋಡುತ್ತಿದ್ದಳು. ನನಗೆ ಒಳಗೊಳಗೇ ಅಳುಕು. ತಾವು ಸಾಕಿದ ಹುಡುಗನ ಮಗುವಿಗೆ ತಮ್ಮ ಹೆಸರು ಬೇಡವೆಂದರೆಂದು ಆ ಹಿರಿಯರಿಗೆ ಗೊತ್ತಾಗಿದ್ದರೆ ಬಾಗಿಲಲ್ಲೇ ನಾಲ್ಕು ಮಾತು ಆಡಬಹುದು. ಆಡಿದರೆ ತಪ್ಪೂ ಇಲ್ಲ. ಚನ್ನರಾಯಪಟ್ಟಣದಲ್ಲಿ ಇಳಿದು ಆಟೋ ಹಿಡಿದು ಊರಾಚೆಯ ಅವರ ಮನೆ ಮುಟ್ಟಿದಾಗ ಕೆಂಪಮ್ಮನವರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, ಲಾರಿಗೆ ಕಾಯಿ ತುಂಬಿಸುತ್ತಿದ್ದರು. ಬಿಳಿಯ ತುರುಬು, ಕಿವಿಯಲ್ಲಿ ದೊಡ್ಡ ಓಲೆ, ಮೊಣಕಾಲಿಗೆ ಬೆಲ್ಟು. ದನಿ ಮಾತ್ರ ಲಾರಿಯ ಹಾರನ್ನಿಗಿಂತ ಒಂದು ತೂಕ ಹೆಚ್ಚು.

"ಅಯ್ಯೋ, ಬೀಗ್ರು! ಬನ್ನಿ ಬನ್ನಿ. ಕೂಸು ಎಂಗೈತೆ? ವಿಭಾ ಎಂಗವ್ಳೆ? ಏನ್ ಇಂಗೆ ಒಂದು ಫೋನೂ ಮಾಡ್ದೆ ಬಂದ್ಬುಟ್ರಲ್ಲ!" ಎಂದು ನಮ್ಮನ್ನು ಒಳಗೆ ಕರೆದುಕೊಂಡು ಹೋಗಿ ಎಳನೀರು ಕೊಚ್ಚಿಸಿದರು. ಅವರಿಗೇನೂ ತಿಳಿದಿರಲಿಲ್ಲ. ಲೋಹಿತ್ ಒಂದು ಮಾತೂ ಹೇಳಿರಲಿಲ್ಲ. ಆ ಹುಡುಗನ ಮೇಲೆ ನನಗೆ ಆ ಕ್ಷಣದಲ್ಲಿ ಬಂದ ಗೌರವ ಇನ್ನೂ ಇಳಿದಿಲ್ಲ. ಆದರೆ ಅದರಿಂದ ನಮ್ಮ ಕೆಲಸ ಕಷ್ಟವಾಯಿತು. ಗೊತ್ತಿಲ್ಲದವರಿಗೆ ನಾವಾಗಿಯೇ ಹೇಳಬೇಕು. ಶಾರದೆ ಸೆರಗು ಸರಿಮಾಡಿಕೊಳ್ಳುತ್ತ ಮಾತು ಹುಡುಕುತ್ತಿದ್ದಳು. ಅವಳಿಗೆ ಸಹಾಯ ಮಾಡೋಣವೆಂದು ನಾನು, "ನೋಡಿ ಅಮ್ಮ, ಈ ಯುರೋಪಿನಲ್ಲಿ ಹಿಂದೆ..." ಎಂದು ಶುರು ಮಾಡಿದೆ.

ಕೆಂಪಮ್ಮನವರು ತಾಳ್ಮೆಯಿಂದ ಫ್ರಾನ್ಸಿನವರೆಗೆ ಬಂದರು. ಆಮೇಲೆ, "ಬೀಗ್ರೇ, ಆ ಊರೋರ್ ಕತೆ ಊಟ ಆದ್ಮೇಲೆ ಏಳೀರಂತೆ. ಈಗ ನಮ್ಮನೇಲಿ ಏನಾಯ್ತು ಏಳಿ" ಎಂದರು.

ಶಾರದೆ ನೇರವಾಗಿ ಹೇಳಿಬಿಟ್ಟಳು. "ಕೆಂಪಮ್ಮನೋರೇ, ಮಗೂಗೆ ನಿಮ್ಮ ಹೆಸರು ಸೇರಿಸಬೇಕು ಅಂತ ಲೋಹಿತ್ ಆಸೆಪಟ್ರು. ನಾನು ಬೇಡ ಅಂದೆ. ಹಾಗೆ ಅನ್ನಬಾರದಿತ್ತು. ನಿಮ್ಮ ಹೆಸರೇ ಇಡೋಣ, ನನಗೆ ಸಂತೋಷ ಅಂತ ಹೇಳೋಕೆ ಬಂದೆ." ಮೂವತ್ತಕ್ಕೂ ಹೆಚ್ಚು ವರ್ಷ ಅವಳ ಜೊತೆ ಬಾಳಿದ್ದೇನೆ, ನನ್ನೆದುರು ಅವಳು ಒಂದು ಸಲವೂ ಹೀಗೆ ಸೋತು ಮಾತಾಡಿದ್ದಿಲ್ಲ. ಸೋಲುವುದಕ್ಕೂ ಒಂದು ಗತ್ತು ಇರುತ್ತದೆಂದು ಅವತ್ತು ನೋಡಿದೆ.

ಕೆಂಪಮ್ಮನವರು ಅವಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ಇಡೀ ಮನೆ ತುಂಬುವಂತೆ ನಕ್ಕರು. "ನನ್ನ ಎಸ್ರಾ? ಬ್ಯಾಡ್ವೇ ಬ್ಯಾಡ! ನಾನಿನ್ನೂ ಗುಂಡ್ಕಲ್ಲಿನಂಗೆ ಇಲ್ಲೇ ಕೂತಿವ್ನಿ. ಬದುಕಿರೋರ ಎಸ್ರ ತಗಂಡೋಗಿ ಕೂಸಿಗೆ ಕಟ್ತಾರಾ? ನನ್ನೆಸ್ರು ನಂಗೇ ಬೇಕು ಕಣವ್ವ, ಇನ್ನೂ ಒಸಿ ದಿಸ ಬಳಸ್ಬೇಕು."

ಹೆಸರು ಕೊಡುವುದಕ್ಕೆ ಬಂದವರಿಗೆ ತೆಗೆದುಕೊಳ್ಳುವವರೇ ಇಲ್ಲ. ಕೆಂಪಮ್ಮನವರು ಶಾರದೆಯ ಪಕ್ಕಕ್ಕೆ ಸರಿದು ಅವಳ ಕೈ ಹಿಡಿದುಕೊಂಡರು. ದನಿ ಇಳಿದಿತ್ತು.

"ಅವ್ನು ಇಸ್ಕೂಲಿಂದ ನನ್ನೆಸ್ರ ಒತ್ಕಂಡ್ ತಿರುಗಿದ್ದು ಸಾಕು. ಒಂದ್ ಮಾತ್ ಏಳ್ಲಾ ತಾಯಿ? ಅವ್ನ ಎತ್ತವ್ವ ಒಬ್ಳಿದ್ಲು. ನನ್ ಸೊಸೆ. ಭಾಗ್ಯ ಅಂತ ಎಸ್ರು. ಅವಳು ತೀರ್ಕಂಡ್ಮೇಲೆ ಈ ಮನೇಲಿ ಆ ಎಸ್ರ ಯಾರೂ ಎತ್ನಿಲ್ಲ. ಎರಡ್ನೇ ಸೊಸೆ ಜಯಮ್ಮ ಬಂದ್ಲು. ಒಳ್ಳೇವ್ಳೇ ಪಾಪ. ಅವಳ ಮುಂದೆ ಎಂಗ್ ಅನ್ನೋದು, ಮನಸ್ಗೆ ಎಲ್ಲಿ ನೋವಾದಾತು ಅಂತ ನಾನೇ ಬಾಯ್ ಬಿಗಿಯಿಡ್ಕಂಡೆ. ನಾನ್ ಬಿಗಿಯಿಡ್ಕಂಡೆ ಅಂತ ಎಲ್ರೂ ಬಿಗಿಯಿಡ್ಕಂಡ್ರು. ಈಗ ನೋಡಿ, ಆ ಉಡ್ಗಂಗೆ ಅವ್ವ ಅಂದ್ರೆ ನಾನೇಯ. ನಂಗೇನೋ ಕುಸೀನೇ. ಆದ್ರೆ ಅವಳಿಗೆ ಏನುಳೀತು ಏಳಿ?"

ಅಂಗಳದಲ್ಲಿ ಲಾರಿಯವನು "ಅಮ್ಮಾ, ಹಗ್ಗ ಬಿಗಿಯಾನಾ?" ಎಂದು ಕೂಗಿದ. ಕೆಂಪಮ್ಮನವರು "ತಡಿಯಲಾ" ಎಂದು ಗದರಿ, ಮತ್ತೆ ನಮ್ಮ ಕಡೆ ತಿರುಗಿದರು. "ನಿಮ್ಮವ್ವನ ಎಸ್ರಿಡ್ಬೇಕು ಅಂತ ನಿಮಗೂ ಆಸೆ ಇದ್ದೀತು. ಇದ್ರೆ ಅದನ್ನೇ ಇಡಿ, ನಾನ್ ಬ್ಯಾಡ ಅನ್ನಾಕಿಲ್ಲ. ಕೇಳಿದ್ದಕ್ಕೆ ಏಳ್ದೆ, ಅಷ್ಟೇಯ."

ಅರಕಲಗೂಡಿನ ಪಾರ್ವತಮ್ಮನವರ ಮಗಳು ಸ್ವಲ್ಪವೂ ಯೋಚಿಸಲಿಲ್ಲ. "ಇಳಾ ಭಾಗ್ಯ. ಎಷ್ಟು ಚೆನ್ನಾಗಿದೆ" ಎಂದಳು. ಹೇಳಿ, ಮತ್ತೊಂದು ಸಲ ತನ್ನಷ್ಟಕ್ಕೆ ಹೇಳಿಕೊಂಡಳು. ಕೆಂಪಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು, ಕೋಡುಬಳೆಯ ಡಬ್ಬಿ ತೆಗೆದು, ಒಂದನ್ನು ಕಟುಂ ಎಂದು ಮುರಿದು ಬಾಯಿಗೆ ಹಾಕಿಕೊಂಡರು. ಇನ್ನೂ ಹಲ್ಲು ಗಟ್ಟಿಯಿವೆ ಎಂದು ತೋರಿಸುವವರ ಹಾಗೆ.

ಇಷ್ಟು ವರ್ಷ ನಾನು ಕರಿಹಲಗೆಯ ಮುಂದೆ ನಿಂತು, ಮಧ್ಯನಾಮವೆಂದರೆ ತಾಯಂದಿರ ಹೆಸರು ಬಂದು ಕೂರುವ ಜಾಗ ಎಂದು ಬಣ್ಣಿಸುತ್ತಿದ್ದೆನಲ್ಲ, ಅದು ಯಾರೋ ದೂರದವರ ವಿಷಯವಾಗಿತ್ತು. ನಮ್ಮ ಕಡೆಯ ಪಾಳೆಯಗಾರರ ಕಾಲದ ದಾನಶಾಸನಗಳನ್ನು ಓದಿದರೆ ಇಂಥವರ ಮೊಮ್ಮಗ, ಇಂಥವರ ಮಗ ಎಂದು ಗಂಡಸರ ಹೆಸರುಗಳು ಸಾಲಾಗಿ ಬರುತ್ತವೆ. ಹೆತ್ತವಳ ಹೆಸರು ಅಪರೂಪ. ಅದನ್ನು ಓದಿಯೂ ನನಗೆ ಏನೂ ಅನ್ನಿಸಿರಲಿಲ್ಲ. ಈಗ ಈ ಅಜ್ಜಿ ತನಗೆ ಸಿಕ್ಕಿದ ಜಾಗವನ್ನು ಇನ್ನೊಬ್ಬಳಿಗೆ ಬಿಟ್ಟುಕೊಟ್ಟರು. ಅದೂ ನಗುನಗುತ್ತ, ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವಷ್ಟು ಸಲೀಸಾಗಿ. ವಾಪಸ್ಸು ಬರುವ ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ಶಾರದೆ ಎರಡು ಸಲ ನನ್ನ ಹಣೆ ಮುಟ್ಟಿ ನೋಡಿದಳು.

ಲೋಹಿತನಿಗೆ ಫೋನ್ ಮಾಡಿ ಹೇಳಿದ್ದು ಶಾರದೆಯೇ. ಆ ಹೆಸರನ್ನು ಇನ್ನೊಂದು ಸಲ ಹೇಳಿಸಿ ಕೇಳಿದನಂತೆ. ಆಮೇಲೆ, "ಅತ್ತೆ, ನಾನು ಈಗ್ಲೇ ಹೊರಟೆ" ಎಂದನಂತೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಬೈಕಿನ ಸದ್ದು ಕೇಳಿತು. ಬಂದವನು ನೇರವಾಗಿ ಮಗುವನ್ನೆತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತ. ಅದರ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳಿದ. ಮೊದಲನೆಯ ಸಲ ಆ ಹೆಸರು ಅವನ ಬಾಯಲ್ಲಿ ಬಂದದ್ದು ಆಗಲೇ ಇರಬೇಕು. ನಾಮಕರಣಕ್ಕೆ ಮುಂಚೆ ಕಿವಿಯಲ್ಲಿ ಹೇಳಬಾರದು ಎಂದು ಶಾಸ್ತ್ರ ತೆಗೆಯಲು ಹೊರಟಿದ್ದ ನನ್ನನ್ನು ವಿಭಾ ಒಳಗೆ ಕರೆದುಕೊಂಡು ಹೋದಳು.

ನಾಮಕರಣ ನಮ್ಮ ಮನೆಯಲ್ಲೇ ಆಯಿತು. ಚನ್ನರಾಯಪಟ್ಟಣದಿಂದ ಒಂದು ವ್ಯಾನ್ ತುಂಬ ಜನ ಬಂದರು. ಲೋಹಿತನ ತಂದೆ ಶಿವಣ್ಣನವರೂ ಜಯಮ್ಮನವರೂ ಬಂದಿದ್ದರು. ಹೆಸರಿನ ಸಂಗತಿ ಜಯಮ್ಮನವರಿಗೆ ತಿಳಿಸಿದ್ದಾರೋ ಇಲ್ಲವೋ ಎಂದು ಕೇಳಲಾಗದೆ ಶಾರದೆ ಅವರಿಗೆ ಎರಡು ಸಲ ಕಾಫಿ ಕೊಟ್ಟಳು. ಗೋಡೆಯ ಮೇಲೆ ಹೂವಿನಲ್ಲಿ 'ಇಳಾ ಭಾಗ್ಯ' ಎಂದು ಬರೆದಿದ್ದನ್ನು ನೋಡಿ ಶಿವಣ್ಣನವರು ಅಲ್ಲೇ ನಿಂತರು; ಆಮೇಲೆ ಹೋಗಿ ಹಿಂದಿನ ಸಾಲಿನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತುಬಿಟ್ಟರು. ಸೋದರತ್ತೆ ಮಾಡಬೇಕಾದ ಶಾಸ್ತ್ರವನ್ನು ಕೆಂಪಮ್ಮನವರೇ ಮಾಡಿದರು. ಮಗುವಿನ ಕಿವಿಯಲ್ಲಿ ಮೆಲ್ಲಗೆ ಹೆಸರು ಹೇಳಿದರು. ಅವರ ಮೆಲುದನಿ ಬೀದಿಯ ಕೊನೆಯವರೆಗೂ ಕೇಳಿಸಿತು. ಎಲ್ಲರೂ ಅಕ್ಷತೆ ಹಾಕಿ ಮುಗಿಯಿತು. ಯಾರು ಮೊದಲು ಆ ಹೆಸರು ಹಿಡಿದು ಕರೆಯಬೇಕೆಂದು ಎಲ್ಲರೂ ಕಾಯುತ್ತಿದ್ದ ಹಾಗಿತ್ತು. ಆಗ ಜಯಮ್ಮನವರು ಮುಂದೆ ಬಂದು ಎರಡೂ ಕೈ ಚಾಚಿ, "ಬಾರವ್ವ, ಬಾರೆ ನನ್ ಭಾಗ್ಯ" ಎಂದು ಮಗುವನ್ನೆತ್ತಿ ಎದೆಗೊತ್ತಿಕೊಂಡರು. ಕೆಂಪಮ್ಮನವರು ಸೊಸೆಯ ಬೆನ್ನ ಮೇಲೆ ಒಂದು ಕೈ ಇಟ್ಟರು, ಅಷ್ಟೇ. ಅಲ್ಲಿದ್ದ ಹೆಂಗಸರೆಲ್ಲ ಒಮ್ಮೆಗೇ ಮೂಗು ಒರೆಸಿಕೊಂಡರು. ಗಂಡಸರು ಪೆಂಡಾಲಿನ ಗುಣಮಟ್ಟ ಪರೀಕ್ಷಿಸುವವರಂತೆ ಮೇಲೆ ನೋಡಿದರು.

ಇಂಥ ಸಂದರ್ಭದಲ್ಲಿ ಯಾರೋ ಒಬ್ಬರು, "ಮೇಷ್ಟ್ರು ಎರಡು ಮಾತಾಡ್ಲಿ" ಎಂದರು. ನಾನು ಬೇಡವೆನ್ನುವ ಮನುಷ್ಯನಲ್ಲ. ಎದ್ದು ನಿಂತು, ಹೆತ್ತವಳ ಹೆಸರು ಉಳಿಸಿಕೊಳ್ಳುವುದೇ ಮನುಷ್ಯನ ನಿಜವಾದ ಸಂಸ್ಕಾರ, ಹೆಸರು ಮರೆತರೆ ಮನುಷ್ಯರನ್ನೇ ಅರ್ಧ ಮರೆತ ಹಾಗೆ ಎಂದೆಲ್ಲ ಹೇಳಿದೆ. ಈ ಸಲ ಯಾರೂ ಎದ್ದು ಒಳಗೆ ಹೋಗಲಿಲ್ಲ. ಶಾರದೆ ಕೂಡ ನಿಂತು ಕೇಳಿದಳು. ಚಪ್ಪಾಳೆ ಬಿತ್ತು. ನಾನು ಹೆಮ್ಮೆಯಿಂದ ಊಟಕ್ಕೆ ಕೂತೆ. ಪಕ್ಕದಲ್ಲಿ ಕೆಂಪಮ್ಮನವರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಅವರು ಅಕ್ಕರೆಯಿಂದ ಕೇಳಿದರು, "ಚಂದಾಗಿ ಮಾತಾಡಿದ್ರಿ ಬೀಗ್ರೇ. ನಿಮ್ಮವ್ವನ ಅವ್ವನ ಎಸ್ರೇನು?"

ಬಾಯಲ್ಲಿ ಹೋಳಿಗೆ ಇತ್ತು, ಆದ್ದರಿಂದ ಸ್ವಲ್ಪ ಸಮಯ ಸಿಕ್ಕಿತು. ಅಜ್ಜಿಯ ಮುಖ ಕಣ್ಣಮುಂದೆ ಬಂತು. ಮೂಗುಬೊಟ್ಟು, ಒಗ್ಗರಣೆಯ ವಾಸನೆಯ ಸೀರೆ, ಬೆನ್ನು ಉಜ್ಜುವಾಗಿನ ಬಳೆಯ ಸದ್ದು ಎಲ್ಲ ಬಂತು. ಹೆಸರು ಬರಲಿಲ್ಲ. ಆಮೇಲೆ ಹೇಳುತ್ತೇನೆಂದು ಕೈಸನ್ನೆ ಮಾಡಿ, ಹೋಳಿಗೆಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಅಗಿದೆ. ನೆಂಟರೆಲ್ಲ ಹೊರಟ ಮೇಲೆ ಹಿತ್ತಿಲಿಗೆ ಹೋಗಿ, ಮಂಡಿನೋವಿನಿಂದ ಬರಲಾಗದೆ ಹೊಳೆನರಸೀಪುರದಲ್ಲೇ ಉಳಿದಿದ್ದ ನಮ್ಮಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಅಮ್ಮನ ಅಮ್ಮನ ಹೆಸರೇನೇ?"

"ಅಜ್ಜಿ ಹೆಸರಾ?" ಅಕ್ಕ ಯೋಚಿಸಿದಳು. "ನಾವು ಅಜ್ಜಿ ಅಂತಿದ್ವಿ. ಅಮ್ಮ ಅಮ್ಮಾ ಅಂತಿದ್ಲು. ತಾತ ಅಂತೂ ಜೀವನವೆಲ್ಲ 'ಇವಳೇ' ಅಂತ್ಲೇ ಕರೆದ್ರು."

"ಯಾರೂ ಹೆಸರು ಹಿಡಿದು ಕರೀಲೇ ಇಲ್ವೇ?"

"ನನಗಂತೂ ನೆನಪಿಲ್ಲ ಕಣೋ. ನಿನಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ" ಎಂದಳು ಅಕ್ಕ. "ನಮ್ಮನೇಲಿ ಇತಿಹಾಸ ಓದಿದೋನು ನೀನೊಬ್ಬನೇ ಅಲ್ವೇನೋ?"